ಬಾಣಂತಿ ಕುದುರೆಗೆ ಕುತ್ತು ಬಂದಾಗ ತೀರ್ಮಾನ ಮಾಡುವುದು ಹೇಗೆ?

ಹದಿನೆಂಟು ದಿನದ ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಎರಡು ಗುಟುಕು ಒಳಗಿಳಿಯುವಷ್ಟರಲ್ಲಿ ತಾಯಿ ಮುಂಗಾಲು ಮಡಚಿ ನೆಲಕ್ಕೆ ಬಿತ್ತು. ಹೊರಳಿತು, ಎದ್ದಿತು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು, ಮತ್ತೆ ಬಿತ್ತು. ಮರಿ ಬೆದರಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿತ್ತು. ತಾಯಿ ಎದ್ದ ಕೂಡಲೇ ಮತ್ತೆ ಹಾಲಿಗೆ ಬರುತ್ತಿತ್ತು. ಕಳೆದ ಬೇಸಿಗೆಯಲ್ಲಿ, ಕನಕಪುರ ಕಡೆಯ ಒಂದು ತೋಟದ ಲಾಯದಲ್ಲಿ, ಟಾರ್ಚ್ ಹಿಡಿದು ನಿಂತು ನಾನು ನೋಡಿದ್ದು ಇದು. ಕುದುರೆ ನನ್ನ ಸ್ನೇಹಿತರದು. ಮೂವತ್ತು ವರ್ಷ ಹಸು ಸಾಕಿದವರು, ಕುದುರೆ ಮಾತ್ರ ಹೊಸದು. ಒಂದೇ ಉಸಿರಿಗೆ ಅವರು ಮೂರು ಪ್ರಶ್ನೆ ಕೇಳಿದರು: "ಈಗಲೇ ಬೆಂಗಳೂರಿಗೆ ಸಾಗಿಸೋಣವಾ? ನೋವಿನ ಇಂಜೆಕ್ಷನ್ ಹಾಕಿಸಿ ಬೆಳಗಿನ ತನಕ ನೋಡೋಣವಾ? ಇದು ಹೋದರೆ ಮರಿಗೆ ಯಾರು ಗತಿ?"

ಕರ್ನಾಟಕಕ್ಕೆ ಕುದುರೆ ಹೊಸತೇನಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಮರಿ ಬೆಳೆಸಿದ ನೆಲ, ಮೈಸೂರಿನ ಟಾಂಗಾಗಳು ಇನ್ನೂ ಓಡುತ್ತಿವೆ. ಆದರೆ ಅಲ್ಲಿ ತಲೆಮಾರುಗಳ ಅನುಭವವಿದೆ. ಈಚೆಗೆ ತೋಟದ ಮನೆಗಳಲ್ಲಿ, ಸವಾರಿ ಶಾಲೆಗಳಲ್ಲಿ ಒಂದೋ ಎರಡೋ ಮಾರ್ವಾರಿ, ಕಾಠಿಯಾವಾಡಿ ಕುದುರೆ ಕಟ್ಟಿಕೊಂಡವರಿಗೆ ಆ ಅನುಭವ ಬೆನ್ನಿಗಿಲ್ಲ. ಮೊದಲ ಮರಿ ಹುಟ್ಟಿದ ಸಂಭ್ರಮದಲ್ಲೇ ತಾಯಿ ಮಲಗಿಬಿಟ್ಟರೆ ಏನು ನೋಡಬೇಕು, ಯಾವುದನ್ನು ಮೊದಲು ಯೋಚಿಸಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ಹಸುವಿನ ಲೆಕ್ಕ ಕುದುರೆಗೆ ಬಾರದು

ಹಸು ಮೆಲುಕು ಹಾಕುವ ಪ್ರಾಣಿ. ಮೇವು ಮೊದಲು ಅದರ ದೊಡ್ಡ ಹೊಟ್ಟೆಯಲ್ಲಿ ಹುಳಿತು ಆಮೇಲೆ ಮುಂದೆ ಸಾಗುತ್ತದೆ. ಕುದುರೆಗೆ ಇರುವುದು ಒಂದೇ ಜಠರ, ಅದೂ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಮೇವು ಹುಳಿಯುವುದು ಹಿಂಭಾಗದ ದೊಡ್ಡ ಕರುಳಿನಲ್ಲಿ. ಮೂರು ನಾಲ್ಕು ಮೀಟರ್ ಉದ್ದದ, ದಿಂಬಿನಷ್ಟು ದಪ್ಪದ ಆ ಕರುಳು ಹೊಟ್ಟೆಯೊಳಗೆ ಮಡಚಿಕೊಂಡು ಕೂತಿರುತ್ತದೆ, ಹೆಚ್ಚಿನ ಭಾಗ ಗೋಡೆಗೆ ಅಂಟಿಕೊಂಡೇ ಇರುವುದಿಲ್ಲ. ಚೀಲದೊಳಗೆ ಸಡಿಲವಾಗಿ ಸುತ್ತಿಟ್ಟ ನೀರಿನ ಪೈಪನ್ನು ನೆನೆಸಿಕೊಳ್ಳಿ. ಹನ್ನೊಂದು ತಿಂಗಳು ಆ ಚೀಲದ ಬಹುಪಾಲನ್ನು ಗರ್ಭ ತುಂಬಿಕೊಂಡಿತ್ತು. ಮರಿ ಹೊರಬಿದ್ದ ದಿನ ಜಾಗ ಏಕಾಏಕಿ ಖಾಲಿಯಾಗುತ್ತದೆ. ಪೈಪು ತನ್ನ ಸುತ್ತ ತಾನೇ ತಿರುಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಮರಿ ಹಾಕಿದ ಮೊದಲ ಮೂರು ತಿಂಗಳಲ್ಲಿ ದೊಡ್ಡ ಕರುಳು ತಿರುಚಿಕೊಳ್ಳುವ ಅಪಾಯ ಹೆಚ್ಚು.

ಇನ್ನೊಂದು ವ್ಯತ್ಯಾಸ: ಕುದುರೆ ವಾಂತಿ ಮಾಡಲಾರದು. ಅನ್ನನಾಳ ಜಠರವನ್ನು ಸೇರುವಲ್ಲಿನ ಸ್ನಾಯು ಅಷ್ಟು ಬಿಗಿ. ಕರುಳು ಕಟ್ಟಿಕೊಂಡು ದ್ರವ ಹಿಂದಕ್ಕೆ ತುಂಬಿದರೆ ಜಠರ ಒಡೆಯಬಹುದು. ಆದ್ದರಿಂದ ಹಸುವಿಗೆ ಮಾಡುವ ಹಾಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೂ ಇಳಿಯಬಹುದು. ಡಾಕ್ಟರು ಮೂಗಿನ ಮೂಲಕ ಜಠರಕ್ಕೆ ನಳಿಗೆ ಇಳಿಸುವುದು ಔಷಧ ಕೊಡುವುದಕ್ಕೆ ಮಾತ್ರವಲ್ಲ, ತುಂಬಿಕೊಂಡದ್ದನ್ನು ಹೊರಗೆ ತೆಗೆಯುವುದಕ್ಕೂ ಹೌದು.

ಮೂರನೆಯದು ಹಾಲಿನ ಹೊರೆ. ಮೊದಲ ತಿಂಗಳುಗಳಲ್ಲಿ ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ಶೇ. 3ರಷ್ಟು ಹಾಲು ಮಾಡುತ್ತದೆ. 300 ಕಿಲೋ ಕುದುರೆಯಾದರೆ ಒಂಬತ್ತು ಲೀಟರ್. ಇದಕ್ಕೆ ಬೇಕಾದ ಆಹಾರದ ಶಕ್ತಿ ಸುಮ್ಮನೆ ನಿಂತ ಕುದುರೆಯದರ ಹೆಚ್ಚೂಕಡಿಮೆ ಇಮ್ಮಡಿ. ಕಾಯಿಲೆ ಬಿದ್ದು ಮೇವು ಬಿಟ್ಟರೂ ಕೆಚ್ಚಲು ತಕ್ಷಣ ನಿಲ್ಲುವುದಿಲ್ಲ. ಮೈಯ ಕೊಬ್ಬು, ಎಲುಬಿನ ಸುಣ್ಣ ಕರಗಿ ಹಾಲಾಗಿ ಹೋಗುತ್ತದೆ. ಬಾಣಂತಿ ಕುದುರೆ ಒಂದು ದಿನ ಉಪವಾಸ ಬಿದ್ದರೆ ಬೇರೆ ಕುದುರೆಗಿಂತ ಬೇಗ ಕುಸಿಯುವುದು ಇದಕ್ಕೇ.

ಯಾವ ಕಾಯಿಲೆ ಎಷ್ಟು ಹೊತ್ತು ಕೊಡುತ್ತದೆ

"ಉಳಿಯುತ್ತದಾ?" ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ "ನಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ?" ಎನ್ನುವುದು. ಮರಿ ಹಾಕಿದ ಮೇಲಿನ ದೊಡ್ಡ ಕಾಯಿಲೆಗಳು ಒಂದೊಂದೂ ಬೇರೆ ಬೇರೆ ಗಡಿಯಾರ ಇಟ್ಟುಕೊಂಡು ಬರುತ್ತವೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮಾಸು. ಕಸ, ಸತ್ತೆ ಎಂದೂ ಹೇಳುತ್ತೇವೆ. ಹಸುವಿಗೆ ಅರ್ಧ ದಿನ ತಡವಾದರೂ ಜನ ಗಾಬರಿಯಾಗುವುದಿಲ್ಲ. ಕುದುರೆಯಲ್ಲಿ ಮೂರು ಗಂಟೆ ದಾಟಿದರೆ ಅದು ತುರ್ತು. ಸಾಕಣೆದಾರರು ಒಂದು ಸುಲಭ ಲೆಕ್ಕ ಇಟ್ಟುಕೊಂಡಿರುತ್ತಾರೆ: ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಹಾಲು ಕುಡಿಯಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ಬೀಳದಿದ್ದರೆ ಎಳೆಯಬಾರದು, ಕಲ್ಲು ಕಟ್ಟಬಾರದು. ತುಳಿಯದ ಹಾಗೆ ಮೇಲಕ್ಕೆ ಗಂಟು ಹಾಕಿ ಡಾಕ್ಟರನ್ನು ಕರೆಯಬೇಕು. ಹೆಚ್ಚಾಗಿ ಗರ್ಭಕೋಶ ಸಂಕುಚಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿನಲ್ಲೇ ಕೆಲಸ ಆಗುತ್ತದೆ. ಬಿದ್ದ ಮಾಸನ್ನು ಹೂಳುವ ಮುನ್ನ ಹರಡಿ ನೋಡುವುದೂ ಅಷ್ಟೇ ಮುಖ್ಯ. ಅಂಗೈಯಗಲದ ತುಂಡೊಂದು ಒಳಗೆ ಉಳಿದರೂ ಸಾಕು, ಅದು ಕೊಳೆತು ನಂಜು ರಕ್ತಕ್ಕೆ ಸೇರುತ್ತದೆ.

ಆ ನಂಜು ಕೊನೆಗೆ ಹೋಗಿ ಹೊಡೆಯುವುದು ಕಾಲಿಗೆ. ಗರ್ಭಕ್ಕೂ ಗೊರಸಿಗೂ ಏನು ಸಂಬಂಧ ಅನ್ನಿಸಬಹುದು. ಗೊರಸಿನೊಳಗೆ ಕುದುರೆಯ ಕಾಲಿನ ಕೊನೆಯ ಮೂಳೆ ಗೊರಸಿನ ಗೋಡೆಗೆ ಸಾವಿರಾರು ಸೂಕ್ಷ್ಮ ಎಳೆಗಳಿಂದ ತೂಗುಹಾಕಿಕೊಂಡಿದೆ, ನಮ್ಮ ಉಗುರು ಬೆರಳಿಗೆ ಅಂಟಿಕೊಂಡ ಹಾಗೆ. ನಂಜು ಏರಿದಾಗ ಆ ಎಳೆಗಳು ಉರಿಗೊಂಡು ಬಿಡುತ್ತವೆ. ಇದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಅರ್ಧ ಕಿತ್ತ ಉಗುರಿನ ಮೇಲೆ ಇಡೀ ಮೈಯ ಭಾರ ಹಾಕಿ ನಿಂತರೆ ಹೇಗಿರುತ್ತದೋ ಹಾಗೆ. ಕುದುರೆ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಗೊರಸು ಮುಟ್ಟಿದರೆ ಬಿಸಿ. ಮಾಸು ತಡವಾದ ಕುದುರೆಯ ಕಾಲುಗಳನ್ನು ಈ ಲಕ್ಷಣ ಕಾಣುವ ಮೊದಲೇ ಬಿಡುವಿಲ್ಲದೆ ಮಂಜುಗಡ್ಡೆಯ ನೀರಿನಲ್ಲಿ ಇಡಲು ಡಾಕ್ಟರು ಹೇಳುವುದು ಅದಕ್ಕೇ. ಮೂಳೆ ಒಮ್ಮೆ ಜಾರಿತು ಎಂದರೆ ತಿಂಗಳುಗಟ್ಟಲೆ ನೋವು. ಅಲ್ಲಿಗೆ ತೀರ್ಮಾನದ ಸ್ವರೂಪವೇ ಬದಲಾಗುತ್ತದೆ.

ತಿರುಚಿದ ಕರುಳಿನ ಗಡಿಯಾರ ಇನ್ನೂ ಕ್ರೂರ. ಹೊಟ್ಟೆಶೂಲೆಗಳಲ್ಲಿ ಬಹುಪಾಲು ಗಾಳಿ ತುಂಬಿಯೋ ಮೇವು ಕಟ್ಟಿಯೋ ಬರುತ್ತವೆ, ಔಷಧಕ್ಕೆ ಬಗ್ಗುತ್ತವೆ. ಆದರೆ ದೊಡ್ಡ ಕರುಳು ಪೂರ್ತಿ ಒಂದು ಸುತ್ತು ತಿರುಗಿದರೆ ರಕ್ತದ ದಾರಿ ಮುಚ್ಚುತ್ತದೆ, ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಅದಕ್ಕೆ ಆಪರೇಷನ್ ಬಿಟ್ಟರೆ ಮದ್ದಿಲ್ಲ.

ಸುಮ್ಮನಿರುವುದೇ ಚಿಕಿತ್ಸೆ ಆಗುವ ಕಾಯಿಲೆಯೂ ಒಂದಿದೆ. ಹಲವು ಮರಿ ಹಾಕಿದ ವಯಸ್ಸಾದ ಕುದುರೆಗಳಲ್ಲಿ ಗರ್ಭಕೋಶದ ರಕ್ತನಾಳ ಒಡೆಯುವುದುಂಟು. ಬೆವರು, ಬಿಳಚಿದ ವಸಡು, ನಡುಕ. ನೋಡುವುದಕ್ಕೆ ಹೊಟ್ಟೆಶೂಲೆಯ ಹಾಗೆಯೇ. ರಕ್ತ ಗರ್ಭಕೋಶವನ್ನು ಹಿಡಿದಿರುವ ಪೊರೆಯೊಳಗೇ ತುಂಬಿ, ಅದರ ಒತ್ತಡಕ್ಕೆ ಹೆಪ್ಪುಗಟ್ಟಿ ನಿಂತರೆ ಕುದುರೆ ಉಳಿಯುತ್ತದೆ. ಗಾಬರಿಯಲ್ಲಿ ಲಾರಿಗೆ ಹತ್ತಿಸಿದರೆ ಆ ಪೊರೆ ಹರಿಯಬಹುದು. ಕತ್ತಲೆ, ನಿಶ್ಶಬ್ದ, ಕಣ್ಣಳತೆಯಲ್ಲಿ ಮರಿ. ಇಷ್ಟೇ ಆ ಹೊತ್ತಿನ ಶುಶ್ರೂಷೆ. ಒಂದೇ ತರಹ ಕಾಣುವ ಎರಡು ಕಾಯಿಲೆಯಲ್ಲಿ ಒಂದಕ್ಕೆ ತಕ್ಷಣ ಸಾಗಿಸಬೇಕು, ಇನ್ನೊಂದನ್ನು ಕದಲಿಸಲೇಬಾರದು. ಅದಕ್ಕೇ ಡಾಕ್ಟರು ನೋಡುವ ಮೊದಲು ಗಾಡಿ ತರಿಸಿಟ್ಟುಕೊಳ್ಳಿ, ಹತ್ತಿಸಬೇಡಿ.

ಸುಣ್ಣದ ಕೊರತೆ ಇವೆಲ್ಲಕ್ಕಿಂತ ಕರುಣೆಯದು. ಹಾಲು ಚೆನ್ನಾಗಿ ಕೊಡುವ, ಜೊತೆಗೆ ದುಡಿಮೆ ಅಥವಾ ದೂರದ ಪ್ರಯಾಣ ಬಿದ್ದ ಕುದುರೆಗೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಹಸುವಾದರೆ ಮೆತ್ತಗಾಗಿ ಕುಸಿದು ಮಲಗುತ್ತದೆ. ಕುದುರೆ ಬಿಗಿಯಾಗುತ್ತದೆ, ನಡುಗುತ್ತದೆ, ಬೆವರುತ್ತದೆ, ಎದೆ ಬಡಿದಾಗಲೆಲ್ಲ ಪಕ್ಕೆ ಬಿಕ್ಕಳಿಕೆಯಂತೆ ಕುಪ್ಪಳಿಸುತ್ತದೆ. ನೋಡಿದವರು ಧನುರ್ವಾಯು ಎಂದುಕೊಂಡು ಕೈಚೆಲ್ಲುವುದುಂಟು. ಕ್ಯಾಲ್ಸಿಯಂ ಡ್ರಿಪ್ ಹಾಕಿದರೆ ಕಣ್ಣೆದುರೇ ಚೇತರಿಸಿಕೊಳ್ಳುತ್ತದೆ. ಆದರೆ ಅದನ್ನು ಎದೆಬಡಿತ ಆಲಿಸುತ್ತಾ ನಿಧಾನವಾಗಿ ಹಾಕಬೇಕು. ಹಸುವಿಗೆಂದು ಮನೆಯಲ್ಲಿಟ್ಟ ಬಾಟಲಿಯನ್ನು ನಾವೇ ಚುಚ್ಚಿದರೆ ಹೃದಯ ನಿಲ್ಲಬಹುದು.

ಡಾಕ್ಟರು ಬರುವ ತನಕ

ಫೋನಿನಲ್ಲಿ "ತುಂಬಾ ಒದ್ದಾಡುತ್ತಿದೆ" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಎರಡು ಮೂರು ಅಂಕಿ ಹೇಳಿದರೆ ತಿಳಿಯುತ್ತದೆ. ದವಡೆ ಮೂಳೆಯ ಕೆಳ ಅಂಚಿನಲ್ಲಿ ಬೆರಳಾಡಿಸಿದರೆ ಪೆನ್ಸಿಲ್ ದಪ್ಪದ ದಾರದಂಥ ನಾಡಿ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಹೊಟ್ಟೆನೋವಿನಲ್ಲಿ 60 ದಾಟಿದರೆ ಗಂಭೀರ. 80 ದಾಟಿ ಇಳಿಯದೇ ನಿಂತರೆ ಜೀವಕ್ಕೆ ಅಪಾಯ. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಲ್ಲಿ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ವಸಡು ತಿಳಿಗುಲಾಬಿ ಇದ್ದರೆ ಸರಿ, ಇಟ್ಟಿಗೆಗೆಂಪು ಅಥವಾ ನೇರಳೆ ಇದ್ದರೆ ನಂಜು ಏರಿದೆ ಎಂದು ಅರ್ಥ. ಜ್ವರ ನೋಡಿ, 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಸಹಜ.

ಮರಿಯ ಮುಖವನ್ನೂ ನೋಡಿ. ಹಣೆಯ ಮೇಲೆ ಹಾಲು ಒಣಗಿ ಅಂಟಿದ್ದರೆ, ತಾಯಿಯ ಕೆಚ್ಚಲು ಬಿಗಿದು ಸೋರುತ್ತಿದ್ದರೆ, ಮರಿ ಕುಡಿಯುತ್ತಿಲ್ಲ; ಕಾಯಿಲೆ ಮರಿಗೂ ಇದೆ. ಕೆಚ್ಚಲು ಜೋತು ಮೆತ್ತಗಾಗಿ, ಮರಿ ಮತ್ತೆ ಮತ್ತೆ ಗುದ್ದುತ್ತಿದ್ದರೆ ಹಾಲೇ ಬತ್ತಿದೆ. ಟಾರ್ಚ್ ಬೆಳಕಿನಲ್ಲಿ ನಾನು ನೋಡಿದ ಮರಿ ಗುದ್ದುತ್ತಿತ್ತು.

ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆಗೆ 1962 ಎಂಬ ಸಹಾಯವಾಣಿ ಇದೆ. ಕುದುರೆ ಎಂಬುದನ್ನೂ ಮರಿಯ ವಯಸ್ಸನ್ನೂ ಮೊದಲೇ ಹೇಳಿ.

ಆಪರೇಷನ್ ಎಂಬ ಕವಲುದಾರಿ

ಹೊಟ್ಟೆಶೂಲೆಯಲ್ಲಿ ಡಾಕ್ಟರು ಮೊದಲು ಹಾಕುವುದು ಫ್ಲುನಿಕ್ಸಿನ್‌ನಂಥ ನೋವು ನಿವಾರಕ. ಅದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ನೋವು ಇಳಿದು, ನಾಡಿ ತಗ್ಗಿ, ಕುದುರೆ ಹುಲ್ಲಿನತ್ತ ಮೂಗು ಚಾಚಿದರೆ ಕಾಯಬಹುದು. ಪೂರ್ತಿ ಡೋಸಿಗೂ ಬಗ್ಗದೆ ಮತ್ತೆ ಹೊರಳಾಡತೊಡಗಿದರೆ ಒಳಗೆ ಕರುಳು ತಿರುಚಿದೆ ಎಂಬ ಸಂಶಯ ಬಲವಾಗುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಡಾಕ್ಟರಿಗೆ ತಿಳಿಸದೆ ನಾವೇ ಗಂಟೆಗೊಂದು ಇಂಜೆಕ್ಷನ್ ಹಾಕುತ್ತಾ ಹೋದರೆ ಕುದುರೆ ಸುಮ್ಮನಾದಂತೆ ಕಾಣುತ್ತದೆ, ಒಳಗೆ ಗಡಿಯಾರ ಓಡುತ್ತಲೇ ಇರುತ್ತದೆ.

ಆಪರೇಷನ್ ಅಂದರೆ ಏನು? ಕುದುರೆಯನ್ನು ಪೂರ್ತಿ ಅರಿವಳಿಕೆಯಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದು, ಕರುಳನ್ನು ಹೊರತೆಗೆದು, ತಿರುಚು ಬಿಡಿಸಿ ಮರಳಿ ಇಡುವುದು. ಅದಕ್ಕೆ ಎತ್ತುವ ಕ್ರೇನ್, ಮೆತ್ತೆ ಹಾಸಿದ ಕೋಣೆ, ಅರಿವಳಿಕೆ ತಜ್ಞರು ಎಲ್ಲ ಬೇಕು. ಇಂಥ ವ್ಯವಸ್ಥೆ ದೇಶದಲ್ಲಿ ಕೆಲವೇ ಕಡೆ ಇದೆ, ಹೆಚ್ಚಾಗಿ ರೇಸ್ ಕುದುರೆಗಳ ಸುತ್ತಮುತ್ತ. ಅರಿವಳಿಕೆಯಿಂದ ಏಳುವಾಗ ತೂರಾಡಿ ಕಾಲು ಮುರಿದುಕೊಳ್ಳುವ ಅಪಾಯವೂ ಉಂಟು. ಗೆದ್ದರೆ ಒಂದು ತಿಂಗಳು ಲಾಯದೊಳಗೆ, ಇನ್ನೊಂದು ತಿಂಗಳು ಚಿಕ್ಕ ಅಂಗಳದಲ್ಲಿ. ಓಡಾಡಲು ಸುಮಾರು ಮೂರು ತಿಂಗಳು. ಅದೇ ಕರುಳು ಮುಂದಿನ ಬಾಣಂತನದಲ್ಲಿ ಮತ್ತೆ ತಿರುಚಿಕೊಳ್ಳಬಹುದು.

ಇಷ್ಟನ್ನೂ ಎದುರಿಗಿಟ್ಟುಕೊಂಡು ಡಾಕ್ಟರನ್ನು ಕೇಳಬೇಕಾದ್ದು "ಉಳಿಸಿ ಸಾರ್" ಎಂದಲ್ಲ. ಆಸ್ಪತ್ರೆ ತಲುಪಲು ಎಷ್ಟು ಹೊತ್ತು, ಅಷ್ಟು ಹೊತ್ತು ಕರುಳು ತಡೆಯುತ್ತದೆಯೇ? ಉಳಿದರೆ ಅದರ ದಿನಗಳು ಹೇಗಿರುತ್ತವೆ, ಮೇಯುತ್ತದೆಯೇ, ಅಡ್ಡಾಡುತ್ತದೆಯೇ? ಮುಂದಿನ ಆರು ಗಂಟೆಯಲ್ಲಿ ಏನು ಕಂಡರೆ ಮುಂದುವರಿಸೋಣ, ಏನು ಕಂಡರೆ ನಿಲ್ಲಿಸೋಣ? ಈ ಕೊನೆಯ ಪ್ರಶ್ನೆ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ತಲೆ ಇನ್ನೂ ತಣ್ಣಗಿರುವಾಗ ಗೆರೆ ಎಳೆದುಕೊಂಡರೆ, ನಡುರಾತ್ರಿ ಅಳುತ್ತಾ ಎಳೆಯಬೇಕಾಗುವುದಿಲ್ಲ. ಹಣದ ಮಾತನ್ನೂ ಆಗಲೇ ಆಡಿಬಿಡಿ. "ಇಷ್ಟರ ಮೇಲೆ ನನ್ನಿಂದಾಗದು" ಎಂದು ಡಾಕ್ಟರಿಗೆ ಹೇಳುವುದು ಕುದುರೆಗೆ ಮಾಡುವ ದ್ರೋಹವಲ್ಲ. ಅರ್ಧಕ್ಕೆ ನಿಲ್ಲಿಸಬೇಕಾದ ಚಿಕಿತ್ಸೆಗಿಂತ ಮುಗಿಸಬಹುದಾದ ಚಿಕಿತ್ಸೆಯನ್ನು ಅವರು ಆರಿಸಬಲ್ಲರು.

ತಾಯಿಯ ಔಷಧ ಮರಿಯ ಹೊಟ್ಟೆಗೆ

ತಾಯಿಗೆ ಕೊಟ್ಟದ್ದರಲ್ಲಿ ಸ್ವಲ್ಪ ಹಾಲಿಗೆ ಇಳಿಯುತ್ತದೆ. ಹೆಚ್ಚಿನ ಔಷಧಗಳಲ್ಲಿ ಅದು ಅತ್ಯಲ್ಪ, ಅಷ್ಟಕ್ಕೇ ಹಾಲು ಬಿಡಿಸುವ ಅಗತ್ಯ ಬೀಳುವುದಿಲ್ಲ. ಆದರೂ ಡಾಕ್ಟರು ಯೋಚಿಸುತ್ತಾರೆ. ನೋವು ನಿವಾರಕಗಳು ಮರಿಯ ಜಠರಕ್ಕೆ ಹುಣ್ಣು ಮಾಡಬಲ್ಲವು. ಎನ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಎಳೆ ಮರಿಗಳ ಕೀಲನ್ನು ಕೆಡಿಸುವಂಥದ್ದು, ಹಾಗಾಗಿ ಬೇರೆ ದಾರಿ ಇದ್ದರೆ ಅದನ್ನು ಹಿಡಿಯುತ್ತಾರೆ. ತಿರುಗುಮುರುಗಾದ ಅಪಾಯವೂ ಇದೆ. ಮರಿಗೆ ಎರಿತ್ರೊಮೈಸಿನ್ ಕೊಟ್ಟಾಗ ಅದರ ಒಂದಿಷ್ಟು ಅಂಶ ಜೊತೆಗಿರುವ ತಾಯಿಯ ಹೊಟ್ಟೆ ಸೇರಿ, ತಾಯಿಗೆ ಜೀವ ತೆಗೆಯುವ ಭೇದಿ ಹತ್ತಿದ್ದುಂಟು.

ಕೊಟ್ಟಿಗೆಯ ಕಪಾಟಿನಿಂದ ಕುದುರೆಗೆ ಏನನ್ನೂ ತೆಗೆದು ಕೊಡಬೇಡಿ. ಲಿಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಕೆಲವು ದನದ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್, ಎರಡೂ ಕುದುರೆಯನ್ನು ಕೊಲ್ಲುತ್ತವೆ.

ಮರಿಯನ್ನು ಬಿಡಿಸಬೇಕೆ?

ತಾಯಿ ಹೊರಳಾಡುತ್ತಿದ್ದರೆ ಮರಿ ಕಾಲಡಿ ಸಿಕ್ಕೀತು, ಬೇರೆ ಮಾಡಲೇಬೇಕು. ಹಾಗೆಂದು ಕಣ್ಮರೆ ಮಾಡಬೇಡಿ. ನಡುವೆ ಗಟ್ಟಿ ಬೇಲಿ ಹಾಕಿ, ಒಂದಕ್ಕೊಂದು ಕಾಣುವ, ಮೂಸುವ ಹಾಗಿರಲಿ. ಮರಿ ಕಾಣದಿದ್ದರೆ ತಾಯಿ ಇರುವ ಅಲ್ಪ ಶಕ್ತಿಯನ್ನೂ ಕೆನೆದು, ಸುತ್ತಿ ಕಳೆದುಕೊಳ್ಳುತ್ತದೆ. ಚೇತರಿಸಿಕೊಳ್ಳುವ ಸಾಧ್ಯತೆ ಇದ್ದರೆ ಎರಡು ಗಂಟೆಗೊಮ್ಮೆ ಹಾಲು ಕರೆದು ಮರಿಗೇ ಕುಡಿಸಿ. ಇಲ್ಲದಿದ್ದರೆ ಹಾಲು ಬತ್ತುತ್ತದೆ. ತಾಯಿಗೆ ಹಾಲಿನ ಹೊರೆ ಇಳಿಸಲೇಬೇಕೆಂದು ಡಾಕ್ಟರು ಹೇಳಿದರೆ ಪೂರ್ತಿ ಬಿಡಿಸಬೇಕಾಗುತ್ತದೆ.

ಇಲ್ಲಿ ಎಲ್ಲವೂ ಮರಿಯ ವಯಸ್ಸಿನ ಮೇಲೆ ನಿಂತಿದೆ. ಮೊದಲ ದಿನದ ಮರಿಯದು ಬೇರೆಯೇ ಕಥೆ. ಮನುಷ್ಯರ ಕೂಸಿಗೆ ಗರ್ಭದಲ್ಲೇ ತಾಯಿಯ ರೋಗನಿರೋಧಕ ಶಕ್ತಿ ದಾಟಿ ಬರುತ್ತದೆ, ಕುದುರೆಮರಿಗೆ ಬರುವುದಿಲ್ಲ. ಎಲ್ಲವೂ ಗಿಣ್ಣುಹಾಲಿನಿಂದಲೇ ಬರಬೇಕು, ಮೊದಲ ಆರೆಂಟು ಗಂಟೆಯಲ್ಲಿ ಬಂದರೆ ಉತ್ತಮ; 24 ಗಂಟೆಯ ಹೊತ್ತಿಗೆ ಮರಿಯ ಕರುಳು ಆ ಬಾಗಿಲನ್ನು ಮುಚ್ಚಿಬಿಡುತ್ತದೆ. ಆಮೇಲೆ ಉಳಿಯುವುದು ಬೇರೆ ಕುದುರೆಯ ರಕ್ತದ ಪ್ಲಾಸ್ಮಾವನ್ನು ನರಕ್ಕೆ ಏರಿಸುವ ದಾರಿ ಮಾತ್ರ. ಗಿಣ್ಣು ಸಿಕ್ಕ ಮರಿಗೆ ಮೊದಲ ಎರಡು ತಿಂಗಳು ಹಾಲೇ ಪ್ರಾಣ, ಆದರೆ ಅದು ತಾಯಿಯದೇ ಆಗಬೇಕೆಂದಿಲ್ಲ. ಎರಡು ಮೂರು ತಿಂಗಳು ದಾಟಿದ ಮರಿ ಹುಲ್ಲು, ಮರಿಗಳಿಗೆಂದೇ ಮಾಡಿದ ತಿಂಡಿಯ ಮೇಲೆ ಬದುಕಬಲ್ಲದು, ಸಾಮಾನ್ಯವಾಗಿ ಹಾಲು ಬಿಡಿಸುವುದು ನಾಲ್ಕರಿಂದ ಆರು ತಿಂಗಳಿಗೆ ಆದರೂ.

ಈ ಲೇಖನ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಮರಿಯನ್ನು ಬೆಳೆಸುವ ದಾರಿ ಇದೆ. "ಮರಿಗೋಸ್ಕರವಾದರೂ ಇನ್ನೆರಡು ದಿನ ಇರಲಿ" ಎಂದು ಬದುಕುವ ಭರವಸೆಯಿಲ್ಲದ ತಾಯಿಯನ್ನು ನೋವಿನಲ್ಲಿ ನಿಲ್ಲಿಸುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅಂಥ ತಾಯಿಗೆ ಆ ಎರಡು ದಿನ ಹಾಲೇ ಇರುವುದಿಲ್ಲ. ನರಳಾಟ ತಾಯಿಗೆ, ಹಸಿವು ಮರಿಗೆ.

ದಯಾಮರಣ

ಯಾವಾಗ ಸಾಕು ಎನ್ನಬೇಕು? ಅಮೆರಿಕದ ಕುದುರೆ ವೈದ್ಯರ ಸಂಘದ ಮಾರ್ಗಸೂಚಿ ಕೇಳುವ ಪ್ರಶ್ನೆಗಳು ಎಲ್ಲ ಕಡೆಗೂ ಒಪ್ಪುತ್ತವೆ: ಹತೋಟಿಗೆ ಬಾರದ ನೋವು ಎಡೆಬಿಡದೆ ಇದೆಯೇ? ಗುಣವಾಗುವ ಭರವಸೆ ಉಳಿದಿದೆಯೇ? ಬದುಕಿದಷ್ಟು ಕಾಲ ನೋವಿನ ಮದ್ದಿನಲ್ಲೇ ಇರಬೇಕೆ? ತನಗೂ ಸುತ್ತಲಿನವರಿಗೂ ಅಪಾಯವಾಗಿದೆಯೇ?

ಡಾಕ್ಟರು ಮೊದಲು ಮಂಪರಿನ ಮದ್ದು ಕೊಟ್ಟು, ಆಮೇಲೆ ಪೆಂಟೊಬಾರ್ಬಿಟಾಲ್‌ನಂಥ ಅರಿವಳಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ನರಕ್ಕೆ ಕೊಡುತ್ತಾರೆ. ಮೊದಲು ಅರಿವು ಹೋಗುತ್ತದೆ, ಆಮೇಲೆ ಉಸಿರು, ಎದೆಬಡಿತ. ನಿಂತ ಕುದುರೆ ಕುಸಿಯುವುದನ್ನು ನೋಡಲು ಎದೆ ಗಟ್ಟಿ ಬೇಕು. ಮಕ್ಕಳಿದ್ದರೆ ಒಳಗೆ ಕಳಿಸಿ. ಬದುಕಿಸಿಡುವುದೇ ಕ್ರೌರ್ಯ ಎಂಬ ಸ್ಥಿತಿಗೆ ಬಂದ ಪ್ರಾಣಿಯನ್ನು ಕೊನೆಗಾಣಿಸುವುದಕ್ಕೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಅವಕಾಶವಿದೆ. ಡಾಕ್ಟರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ, ವಿಮೆ ಇದ್ದರೆ ಕಂಪನಿಗೆ ಮೊದಲೇ ತಿಳಿಸಿ.

ಒಂದು ಕಾಯಿಲೆಯಲ್ಲಿ ಮಾತ್ರ ತೀರ್ಮಾನ ಮಾಲೀಕರ ಕೈಯಲ್ಲಿರುವುದಿಲ್ಲ. ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಮನುಷ್ಯರಿಗೂ ಹರಡುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ಖಚಿತವಾದರೆ ಚಿಕಿತ್ಸೆ ಕೊಡುವುದಿಲ್ಲ; 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ಕೊನೆಗಾಣಿಸುತ್ತಾರೆ, ಸರ್ಕಾರ ಪರಿಹಾರ ಕೊಡುತ್ತದೆ.

ಕಳೇಬರವನ್ನು ಆಳವಾಗಿ ಹೂಳಲೇಬೇಕು. ದಯಾಮರಣಕ್ಕೆ ಕೊಟ್ಟ ಅರಿವಳಿಕೆ ಮಾಂಸದಲ್ಲಿ ಉಳಿಯುತ್ತದೆ; ತಿಂದ ನಾಯಿ, ಹದ್ದು ಸಾಯುತ್ತವೆ. ನಮ್ಮ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಮಾಡಿದ್ದೇವೆ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ರಣಹದ್ದುಗಳನ್ನು ಕೊಂದ ಮೇಲೆ 2006ರಲ್ಲಿ ಅದನ್ನು ಪಶುಗಳಿಗೆ ನಿಷೇಧಿಸಿದ್ದೂ ಆಗಿದೆ. ಆ ಸುತ್ತಿನ ತೋಟಗಳಲ್ಲಿ ಸತ್ತ ಕುದುರೆಯನ್ನು ಬಯಲಿಗೆ ಎಸೆಯುವುದೆಂದರೆ ಆ ಹಕ್ಕಿಗಳಿಗೆ ವಿಷ ಇಟ್ಟ ಹಾಗೆ. ಜೆಸಿಬಿಗೆ ಹೇಳಿಟ್ಟಿರಿ.

ತಬ್ಬಲಿ ಮರಿಯ ಹಾಲು

ಸ್ನೇಹಿತರ ಕುದುರೆಗೆ ಡಾಕ್ಟರು ಬಂದಾಗ ನಾಡಿ 96 ಇತ್ತು, ವಸಡು ನೇರಳೆ. ಸಂಜೆಯಿಂದಲೇ ಶುರುವಾಗಿತ್ತಂತೆ, ಹೊಟ್ಟೆಗೆ ಗಾಳಿ ತುಂಬಿರಬೇಕು ಎಂದುಕೊಂಡಿದ್ದರು. ಬೆಳಗಿನ ಜಾವಕ್ಕೆ ಮುಂಚೆ ಎಲ್ಲ ಮುಗಿಯಿತು. ಮರಿ ಆಗಲೇ ಹಸಿದಿತ್ತು.

ಎಮ್ಮೆ ಹಾಲು ಕೊಡಲೇಬಾರದು. ಕುದುರೆ ಹಾಲಿನಲ್ಲಿ ಕೊಬ್ಬು ಬಹಳ ಕಡಿಮೆ, ಶೇ. 1ರಿಂದ 2, ಸಕ್ಕರೆಯ ಅಂಶ ಹಸುವಿನ ಹಾಲಿಗಿಂತ ಹೆಚ್ಚು. ಕುದುರೆಮರಿಗೆಂದೇ ಬರುವ ಹಾಲಿನ ಪುಡಿ ಸಿಕ್ಕರೆ ಅದೇ ಮೇಲು. ಸಿಗುವ ತನಕ ಕೊಬ್ಬು ಕಡಿಮೆ ಇರುವ ಹಸುವಿನ ಹಾಲಿಗೆ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಬೆರೆಸಿ ಕೊಡುತ್ತಾರೆ. ಪೇಟೆಯ ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 1.5. ಅಡುಗೆಮನೆಯ ಸಕ್ಕರೆ, ಜೇನು ಹಾಕಬೇಡಿ, ಎಳೆ ಮರಿಗೆ ಅದು ಅರಗದೆ ಭೇದಿಯಾಗುತ್ತದೆ. ಆಡಿನ ಹಾಲೂ ಆಗುತ್ತದೆ. ವಾರ ದಾಟಿದ ಮರಿಗೆ ದಿನಕ್ಕೆ ತನ್ನ ತೂಕದ ಶೇ. 20ರಿಂದ 25ರಷ್ಟು ಬೇಕು. 30 ಕಿಲೋ ಮರಿಗೆ ಆರೇಳು ಲೀಟರ್. ಆದರೆ ಮೊದಲ ದಿನವೇ ಅಷ್ಟು ಕೊಡದೆ ಅರ್ಧದಿಂದ ಶುರುಮಾಡಿ. ತಾಯಿಯ ಬಳಿ ಎಳೆ ಮರಿ ಗಂಟೆಗೆ ನಾಲ್ಕಾರು ಸಲ ಕುಡಿಯುತ್ತದೆ, ಆದ್ದರಿಂದ ನಮ್ಮ ಕೈಯಲ್ಲೂ ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮರಿ ನಿಂತೇ ಕುಡಿಯಬೇಕು, ತಲೆ ಎತ್ತಿ ಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಬಾಟಲಿಗಿಂತ ಬೋಗುಣಿ ಒಳ್ಳೆಯದು. ಸ್ನೇಹಿತರ ಹೆಂಡತಿ ಮೊದಲ ಬೆಳಿಗ್ಗೆ ಬೆರಳನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಕೊಟ್ಟರು. ಚೀಪಿತು. ಬೆರಳನ್ನು ಹಾಗೇ ಮೆಲ್ಲಗೆ ಬೋಗುಣಿಯ ಕಡೆ ಇಳಿಸಿದರು. ಮೂಗು ಹಾಲಿಗೆ ತಾಗಿ ಸೀನಿತು, ತಲೆ ಕೊಡವಿ ಹಿಂದೆ ಸರಿಯಿತು. ಏಳೆಂಟು ಸಲ ಹೀಗೇ ಆಯಿತು. ಒಂಬತ್ತನೆಯದಕ್ಕೋ ಹತ್ತನೆಯದಕ್ಕೋ ಅವರು ಬೆರಳು ಹೊರಗೆ ತೆಗೆದದ್ದು ಮರಿಗೆ ಗೊತ್ತಾಗಲೇ ಇಲ್ಲ, ಕುಡಿಯುತ್ತಲೇ ಇತ್ತು.

ಒಂಟಿಯಾಗಿ ಮನುಷ್ಯರ ಕೈಯಲ್ಲೇ ಬೆಳೆದ ಕುದುರೆಮರಿ ದೊಡ್ಡದಾದ ಮೇಲೆ ಜನರನ್ನೇ ಗೆಳೆಯರೆಂದುಕೊಂಡು ಮೈಮೇಲೆ ಹಾರುತ್ತದೆ, ಒದೆಯುತ್ತದೆ. ಶಾಂತ ಸ್ವಭಾವದ ಮುದಿ ಕುದುರೆ ಜೊತೆಗಿದ್ದರೆ ಮರಿ ಕುದುರೆಯಾಗುವುದನ್ನು ಕಲಿಯುತ್ತದೆ. ಮರಿ ಕಳೆದುಕೊಂಡ ಕುದುರೆ ಎಲ್ಲಾದರೂ ಇದ್ದರೆ ದತ್ತು ಕೊಡಿಸುವ ಪ್ರಯತ್ನವನ್ನೂ ಮಾಡಬಹುದು, ಡಾಕ್ಟರು ಜೊತೆಗಿದ್ದರೆ ಮಾತ್ರ. ಎರಡೂ ಇಲ್ಲದ ಆ ತೋಟದಲ್ಲಿ ಒಂದು ಕಪ್ಪು ಆಡನ್ನು ತಂದು ಜೊತೆಗೆ ಬಿಟ್ಟರು. ಮೂರನೆಯ ರಾತ್ರಿ ಹನ್ನೆರಡರ ಹಾಲಿಗೆ ಹೋದಾಗ ಮರಿ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿತ್ತು, ಆಡು ಅದರ ಬೆನ್ನಿಗೆ ಒರಗಿ ಮೆಲುಕು ಹಾಕುತ್ತಿತ್ತು.